ಮಗಳ ಬಾಣಂತನಕ್ಕೆ ಬ್ರಿಟನ್ನಿಗೆ: ಉತಾರ, ಕಬ್ಬಿನ ಬಿಲ್ಲು ಮತ್ತು ಆರು ತಿಂಗಳ ವೀಸಾ

ಈ ವಾರದ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಬೆಳಗಾವಿಯಲ್ಲಿ 14 ವರ್ಷಗಳಿಂದ ವೀಸಾ ಅರ್ಜಿಗಳ ದಾಖಲೆ ಸಿದ್ಧಪಡಿಸಿಕೊಡುತ್ತಿರುವ ಸಲಹೆಗಾರ್ತಿ.

ಪ್ರಶ್ನೆ (ಮುಧೋಳ ತಾಲ್ಲೂಕಿನ ರೈತರು): ಮೇಡಂ ಅವರಿಗೆ ನಮಸ್ಕಾರ. ನನಗೆ 61 ವರ್ಷ, ನಮ್ಮ ಮನೆಯವರಿಗೆ 55. ಘಟಪ್ರಭಾ ದಂಡೆಯಲ್ಲಿ ಏಳು ಎಕರೆ ಕಬ್ಬಿದೆ. ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ಫೆಬ್ರುವರಿ ಕೊನೆಗೆ ಹೆರಿಗೆ. ಚೊಚ್ಚಲ ಬಾಣಂತನ, ನಾವಿಬ್ಬರೂ ಹೋಗಲೇಬೇಕು. ಖಾತೆಯಲ್ಲಿ 15 ಲಕ್ಷ ಇಲ್ಲದಿದ್ದರೆ ವೀಸಾ ಕೊಡುವುದಿಲ್ಲ ಎಂದು ಊರಿನಲ್ಲಿ ಒಬ್ಬರು ಹೇಳಿದರು. ನನ್ನ ಖಾತೆಯಲ್ಲಿ ಈಗ ಇರುವುದು 2 ಲಕ್ಷ 40 ಸಾವಿರ. ಉಳಿದದ್ದನ್ನು ನಮ್ಮ ಭಾವನವರಿಂದ ಹದಿನೈದು ದಿನಕ್ಕೆ ಕೈಗಡ ತಂದು ಹಾಕೋಣ ಎಂದುಕೊಂಡಿದ್ದೇನೆ. ಆದಾಯ ತೆರಿಗೆ ರಿಟರ್ನ್ ಎಂದೂ ತುಂಬಿಲ್ಲ. ಮನೆಯವರು ಕಲಿತದ್ದು ನಾಲ್ಕನೆಯ ಇಯತ್ತೆ. ದಾರಿ ತೋರಿಸಿ.

ಉತ್ತರ: ಕಾಕಾ, ಭಾವನವರ ಮನೆಗೆ ಕೈಗಡಕ್ಕೆ ಹೋಗಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಭಾಗದ ಹಿರಿಯರ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಬ್ರಿಟನ್ನಿನ ಸಂದರ್ಶಕ ವೀಸಾ ನಿಯಮದಲ್ಲಿ ಖಾತೆಯಲ್ಲಿ ಇಷ್ಟು ಲಕ್ಷ ಇರಬೇಕು ಎಂಬ ಅಂಕಿಯೇ ಇಲ್ಲ. ಪ್ರಯಾಣದ ಮತ್ತು ಅಲ್ಲಿರುವಷ್ಟು ದಿನಗಳ ಖರ್ಚಿಗೆ ಸಾಕಾಗುವಷ್ಟು ಇರಬೇಕು, ಅದು ಎಲ್ಲಿಂದ ಬಂತೆಂದು ಕಾಣಬೇಕು. ನಿಮ್ಮ ಖಾತೆ ವರ್ಷವಿಡೀ ಎರಡು ಮೂರು ಲಕ್ಷದ ಆಸುಪಾಸಿನಲ್ಲಿದ್ದು, ಅರ್ಜಿ ಹಾಕುವ ವಾರದಲ್ಲಿ ಒಮ್ಮೆಲೇ 12 ಲಕ್ಷ ಬಿದ್ದರೆ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಿಮ್ಮದಲ್ಲದ ಹಣವನ್ನು ನಿಮ್ಮದೆಂದು ತೋರಿಸಿದಂತಾಗುತ್ತದೆ. ಇರುವ 2 ಲಕ್ಷ 40 ಸಾವಿರವನ್ನೂ ಆಮೇಲೆ ಅವರು ನಂಬುವುದಿಲ್ಲ.

ನೀವು ಉಳಿಯುವುದು ಮಗಳ ಮನೆಯಲ್ಲಿ, ಉಣ್ಣುವುದೂ ಅಲ್ಲಿಯೇ. ಆ ಖರ್ಚನ್ನು ಅವಳು ಹೊರಲು ನಿಯಮದಲ್ಲಿಯೇ ಅವಕಾಶವಿದೆ. ಅವಳಿಂದ ಒಂದು ಪತ್ರ, ಅಲ್ಲಿನ ವಾಸದ ಪರವಾನಗಿಯ ಪುರಾವೆ, ಸಂಬಳದ ಚೀಟಿಗಳು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಪತ್ರ ತರಿಸಿಕೊಳ್ಳಿ. ಪತ್ರದಲ್ಲಿ ಯಾವ ಖರ್ಚು ಯಾರದೆಂದು ಬಿಡಿಸಿ ಬರೆಯಲಿ. ವಿಮಾನದ ಟಿಕೆಟ್ ಅಪ್ಪನದು, ಮನೆ ಮತ್ತು ಊಟ ತನ್ನದು ಎಂದಾದರೆ ಹಾಗೆಯೇ ಇರಲಿ.

ಇನ್ನು ನಿಮ್ಮ ದುಡಿಮೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಇಲ್ಲದಿರುವುದು ತಪ್ಪೂ ಅಲ್ಲ, ಕೊರತೆಯೂ ಅಲ್ಲ. ಆದರೆ ಅದು ಅಲ್ಲಿನ ಅಧಿಕಾರಿಗೆ ತಿಳಿದಿರುತ್ತದೆ ಎಂದುಕೊಳ್ಳಬಾರದು. ತಿಂಗಳಿಗೊಮ್ಮೆ ಸಂಬಳ ಬೀಳುವ ಖಾತೆಗಳನ್ನು ನೋಡಿ ಅಭ್ಯಾಸವಿರುವವರಿಗೆ, ವರ್ಷದಲ್ಲಿ ಎರಡು ಮೂರು ಬಾರಿ ದೊಡ್ಡ ಮೊತ್ತ ಬಂದು ಉಳಿದ ತಿಂಗಳು ಖಾಲಿ ಇರುವ ಖಾತೆ ವಿಚಿತ್ರವಾಗಿ ಕಾಣುತ್ತದೆ. ನಮಗೆ ಗೊತ್ತು, ಕಬ್ಬಿನ ಬಿಲ್ಲು ಬರುವುದೇ ಹಾಗೆ. ಅದನ್ನು ಒಂದು ಪುಟದಲ್ಲಿ ವಿವರಿಸಿ: ಎಷ್ಟು ಎಕರೆ, ಎಷ್ಟು ಟನ್ ಹೋಯಿತು, ಯಾವ ತಾರೀಖಿನ ಜಮೆ ಯಾವ ಕಂತಿನದು. ಕಾರ್ಖಾನೆಯ ಬಿಲ್ಲನ್ನೂ ತೂಕದ ಚೀಟಿಯನ್ನೂ ಅದರ ಬೆನ್ನಿಗೆ ಲಗತ್ತಿಸಿ. ಸ್ಟೇಟ್‌ಮೆಂಟ್ ಆರು ತಿಂಗಳದ್ದಲ್ಲ, ಒಂದು ವರ್ಷದ್ದು ಕೊಡಿ. ಆಗಷ್ಟೇ ಹಂಗಾಮಿನ ಏರಿಳಿತ ಪೂರ್ತಿ ಕಾಣುತ್ತದೆ. ಸೊಸೈಟಿಯಿಂದ ಬೆಳೆಸಾಲ ಜಮೆಯಾಗಿದ್ದರೆ ಅದು ಸಾಲವೆಂದೇ ಬರೆಯಿರಿ, ಆದಾಯದ ಲೆಕ್ಕಕ್ಕೆ ಸೇರಿಸಬೇಡಿ.

ಉತಾರ (ಹೊಲದ ಪಹಣಿ) ಬಹಳ ಮುಖ್ಯ. ನೀವು ಮರಳಿ ಬರುತ್ತೀರಿ ಎನ್ನಲು ಏಳು ಎಕರೆ ನೀರಾವರಿಗಿಂತ ಗಟ್ಟಿ ಸಾಕ್ಷಿ ನಿಮ್ಮ ಬಳಿ ಇನ್ನೇನಿದೆ? ಆದರೆ ಉತಾರ ಕನ್ನಡದಲ್ಲಿದೆ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಪ್ರತಿ ದಾಖಲೆಗೂ ಪೂರ್ಣ ಅನುವಾದ ಬೇಕು. ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ, ತಾರೀಖು ಮತ್ತು ‘ಇದು ಮೂಲಕ್ಕೆ ನಿಷ್ಠವಾದ ಅನುವಾದ’ ಎಂಬ ಮಾತು ಅದರಲ್ಲಿರಬೇಕು. ಅನುವಾದವಿಲ್ಲದ ಉತಾರವನ್ನು ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಎಷ್ಟೋ ಜನ ಹಾಗೆಯೇ ಇಟ್ಟು ಬರುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಶುಲ್ಕ ಏಪ್ರಿಲ್ 2025ರಿಂದ ಒಬ್ಬರಿಗೆ 127 ಪೌಂಡ್ ಆಗಿತ್ತು. ಅದು ಆಗಾಗ ಏರುತ್ತದೆ, ತುಂಬುವ ದಿನ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ. ವೀಸಾ ನಿರಾಕರಿಸಿದರೆ ಹಣ ಮರಳುವುದಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ. ಬೆರಳಚ್ಚು ಮತ್ತು ಫೋಟೋ ಕೊಡಲು ಇಬ್ಬರೂ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನಿಮಗೆ ಅನುಕೂಲ. ಕಾಕು ಅವರು ಆ ವಾರ ಕೈಗೆ ಮದರಂಗಿ ಹಚ್ಚಿಕೊಳ್ಳದಿರಲಿ, ಬೆರಳಚ್ಚು ಸರಿಯಾಗಿ ಮೂಡದೇ ಹೋಗಬಹುದು. ನಾಲ್ಕನೆಯ ಇಯತ್ತೆಯ ಚಿಂತೆ ಬೇಡ. ಈ ವೀಸಾಕ್ಕೆ ವಿದ್ಯಾಭ್ಯಾಸದ ಷರತ್ತಿಲ್ಲ, ಇಂಗ್ಲಿಷ್ ಪರೀಕ್ಷೆಯೂ ಇಲ್ಲ.

ಪ್ರಶ್ನೆ (ಬಾಗಲಕೋಟೆಯ ಗೃಹಿಣಿ): ಅಕ್ಕಾ, ನನ್ನ ಆಧಾರ್‌ನಲ್ಲಿ ಮತ್ತು ಪಾಸ್‌ಪೋರ್ಟ್‌ನಲ್ಲಿ ‘ಗಂಗವ್ವ’ ಎಂದಿದೆ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಗಂಗಾಬಾಯಿ’. ಅವನು ಹುಟ್ಟಿದ್ದು ಮನೆಯಲ್ಲಿ, ಜನನ ಪ್ರಮಾಣಪತ್ರವೇ ಇಲ್ಲ. ನಾನು ಅವನ ತಾಯಿ ಎಂದು ಹೇಗೆ ತೋರಿಸಲಿ?

ಉತ್ತರ: ತಂಗಿ, ನಮ್ಮ ಕಡೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು, ಶಾಲೆಯ ಮಾಸ್ತರರು ಬರೆದದ್ದು ಮತ್ತೊಂದು. ಗಾಬರಿಯಾಗಬೇಡಿ. ಭಾರತದ ಪಾಸ್‌ಪೋರ್ಟಿನಲ್ಲಿ ತಂದೆ ತಾಯಿಯ ಹೆಸರು ಇರುತ್ತದೆ. ಮಗನ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನೋಡಿ. ಅಲ್ಲಿ ‘ಗಂಗವ್ವ’ ಎಂದಿದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಎದುರು ಅಫಿಡವಿಟ್ ಮಾಡಿಸಿ, ವಂಶಾವಳಿ ಪತ್ರ ಮತ್ತು ಅದರ ಅನುವಾದ ಸೇರಿಸಿ. ಅರ್ಜಿಯಲ್ಲಿ ‘ಬೇರೆ ಹೆಸರುಗಳಿವೆಯೇ’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ‘ಗಂಗಾಬಾಯಿ’ ಎಂದು ತಪ್ಪದೇ ಬರೆಯಿರಿ.

ಪ್ರಶ್ನೆ (ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು): ಮೇಡಂ, ನಮ್ಮದು ಈಗಾಗಲೇ ನಿರಾಕರಣೆಯಾಗಿದೆ. ಅರ್ಜಿಗೆ ಹತ್ತು ದಿನ ಮೊದಲು ನನ್ನ ಖಾತೆಗೆ 8 ಲಕ್ಷ ಬಂದಿತ್ತು. ಅದು ಬೇರೆ ಯಾರ ಹಣವೂ ಅಲ್ಲ, ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟಿದ್ದ ಒಣದ್ರಾಕ್ಷಿಯನ್ನು ತಾಸಗಾಂವದಲ್ಲಿ ಮಾರಿದ್ದು. ಹಣದ ಮೂಲ ತಿಳಿಯಲಿಲ್ಲ, ಮರಳುವ ಭರವಸೆಯಿಲ್ಲ ಎಂದು ಪತ್ರದಲ್ಲಿ ಬರೆದಿದ್ದಾರೆ. ಅರ್ಜಿ ತುಂಬಿದ ಏಜೆಂಟರು, ಮುಂದಿನ ಸಲ ನಿರಾಕರಣೆಯ ವಿಷಯ ಬರೆಯುವುದೇ ಬೇಡ ಎನ್ನುತ್ತಿದ್ದಾರೆ. ಮೇಲ್ಮನವಿ ಹಾಕಬಹುದೇ?

ಉತ್ತರ: ಅಣ್ಣಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಜವಾಗಿ ದುಡಿದ ಹಣಕ್ಕೇ ಹೀಗಾದಾಗ ಎಷ್ಟು ನೋವಾಗುತ್ತದೆಂದು ಬಲ್ಲೆ. ಸಂದರ್ಶಕ ವೀಸಾಕ್ಕೆ ಮೇಲ್ಮನವಿಯ ಹಕ್ಕಿಲ್ಲ. ಹೊಸ ಅರ್ಜಿಯೇ ದಾರಿ, ಅದಕ್ಕೆ ಕಾಯಬೇಕಾದ ಅವಧಿಯೂ ಇಲ್ಲ.

ಏಜೆಂಟರ ಮಾತನ್ನು ಮಾತ್ರ ದಯವಿಟ್ಟು ಕೇಳಬೇಡಿ. ಬ್ರಿಟನ್ನಿನದಷ್ಟೇ ಅಲ್ಲ, ಬೇರೆ ದೇಶದ ವೀಸಾ ನಿರಾಕರಣೆಯಾಗಿದ್ದರೂ ಅರ್ಜಿಯಲ್ಲಿ ಕೇಳುತ್ತಾರೆ. ನಿಮ್ಮ ಬೆರಳಚ್ಚು ಅವರ ಬಳಿ ಇದೆ. ಮುಚ್ಚಿಟ್ಟದ್ದು ವಂಚನೆ ಎಂದು ತೀರ್ಮಾನವಾದರೆ 10 ವರ್ಷಗಳವರೆಗೆ ಅರ್ಜಿಗಳು ತಿರಸ್ಕಾರವಾಗುತ್ತವೆ. ಹಿಂದಿನ ನಿರಾಕರಣೆಯೊಂದೇ ಹೊಸ ಅರ್ಜಿಯನ್ನು ಕೆಡಿಸುವುದಿಲ್ಲ, ಅದನ್ನು ಮುಚ್ಚಿಡುವುದು ಕೆಡಿಸುತ್ತದೆ.

ನಿರಾಕರಣೆ ಪತ್ರವನ್ನು ಮುಂದಿಟ್ಟುಕೊಂಡು ಒಂದೊಂದು ಕಾರಣಕ್ಕೂ ಒಂದೊಂದು ದಾಖಲೆ ಹುಡುಕಿ. ದಲಾಲಿ ಅಂಗಡಿಯ ಪಟ್ಟಿ (ಮಾರಾಟದ ಬಿಲ್ಲು), ಕೋಲ್ಡ್ ಸ್ಟೋರೇಜ್‌ನ ರಸೀದಿ, ಹಣ ಜಮೆಯಾದ ಸಾಲು, ಈ ಮೂರರಲ್ಲಿ ಮೊತ್ತ ಮತ್ತು ತಾರೀಖು ತಾಳೆಯಾದರೆ 8 ಲಕ್ಷದ ಕಥೆ ತಾನೇ ಹೇಳಿಕೊಳ್ಳುತ್ತದೆ. ತಾಸಗಾಂವದ ಪಟ್ಟಿ ಮರಾಠಿಯಲ್ಲಿದ್ದರೆ ಅದಕ್ಕೂ ಅನುವಾದ ಬೇಕು. ಹಳೆಯ ಅರ್ಜಿಯ ಪ್ರತಿಯನ್ನು ಏಜೆಂಟರಿಂದ ಕೇಳಿ ಪಡೆದು, ನಿಮ್ಮ ಹೆಸರಿನಲ್ಲಿ ಏನೇನು ತುಂಬಿದ್ದಾರೆಂದು ಮಕ್ಕಳಿಂದ ಓದಿಸಿ ಕೇಳಿ. ವರ್ಷದ ಆದಾಯವನ್ನು ತಿಂಗಳದ್ದೆಂದು ತುಂಬಿದ ಅರ್ಜಿಗಳು ನನ್ನ ಮೇಜಿಗೆ ಬಂದಿವೆ. ಯಾರು ತುಂಬಿದರೂ ಹೊಣೆ ಅರ್ಜಿದಾರರದೇ.

ಪ್ರಶ್ನೆ (ಬೆಳಗಾವಿಯ ನಿವೃತ್ತ ಶಿಕ್ಷಕರು): ಕ್ಷಯರೋಗದ ಪರೀಕ್ಷೆ ಮಾಡಿಸಬೇಕೇ? ವಿಮೆ ಕಡ್ಡಾಯವೇ? ನನಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ.

ಉತ್ತರ: ಗುರುಗಳೇ, ಆ ಪರೀಕ್ಷೆ ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವವರಿಗೆ. ನಿಮಗೆ ಬೇಡ. ವಿಮೆ ಬ್ರಿಟನ್ನಿಗೆ ಕಡ್ಡಾಯವಲ್ಲ. ಆದರೂ ವಿಮೆಯಿಲ್ಲದೆ ವಿಮಾನ ಹತ್ತಬೇಡಿ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದರೆ ಸಂದರ್ಶಕರಿಗೆ ನಿಗದಿತ ದರದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ನಿಮಗಿರುವ ಕಾಯಿಲೆಗಳನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿ, ಅವು ಪಾಲಿಸಿಯಲ್ಲಿ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ. ಮಾತ್ರೆಗಳ ಜೊತೆ ವೈದ್ಯರ ಚೀಟಿ ಕೈಚೀಲದಲ್ಲಿರಲಿ.

ಮರುಪ್ರಶ್ನೆ (ಮುಧೋಳದ ರೈತರು): ಮೇಡಂ, ಭಾವನವರಿಗೆ ಹಣ ಬೇಡ ಎಂದು ಹೇಳಿಬಿಟ್ಟೆ. ಇನ್ನೊಂದು ಮಾತು. ಬಾಣಂತನ ಎಂದು ಬರೆದರೆ ಕೆಲಸಕ್ಕೆ ಬರುತ್ತಿದ್ದಾರೆ ಎಂದು ತಿಳಿಯುತ್ತಾರಂತೆ, ‘ಊರು ನೋಡಲು’ ಎಂದೇ ಬರೆಯಿರಿ ಎಂದು ಇಲ್ಲಿ ಹೇಳುತ್ತಿದ್ದಾರೆ. ಆರು ತಿಂಗಳು ಪೂರ್ತಿ ಕೇಳಲೇ? ಟಿಕೆಟ್ ಈಗಲೇ ತೆಗೆದರೆ ಅಗ್ಗವಂತೆ.

ಉತ್ತರ: ಕಾಕಾ, ಇದ್ದದ್ದನ್ನೇ ಬರೆಯಿರಿ: ಮಗಳ ಹೆರಿಗೆ, ಅವಳ ಜೊತೆಗಿರಲು ಹೋಗುತ್ತಿದ್ದೇವೆ ಎಂದು. ಆಸ್ಪತ್ರೆಯವರು ಕೊಟ್ಟ ಹೆರಿಗೆ ತಾರೀಖಿನ ಪತ್ರವನ್ನು ಮಗಳು ಕಳಿಸಲಿ. ಅಜ್ಜ ಅಜ್ಜಿ ಅಲ್ಪಾವಧಿಗೆ ಬಂದು ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ ಅಲ್ಲಿನ ಮಾರ್ಗಸೂಚಿಯಲ್ಲಿಯೇ ಅವಕಾಶವಿದೆ. ಸಂಬಳಕ್ಕೆ ಮಗು ನೋಡುವ ಕೆಲಸದಂತೆ ಆಗಬಾರದು, ಅಷ್ಟೇ. ಮಗಳು ರಜೆ ಮುಗಿಸಿ ಕೆಲಸಕ್ಕೆ ಹೋಗಲೆಂದು ಒಂದರ ಹಿಂದೊಂದು ವೀಸಾ ಪಡೆದು ಅಲ್ಲಿಯೇ ಇದ್ದುಬಿಡುವುದು ಬೇರೆ ಮಾತು, ಅದು ಸಲ್ಲದು.

ಒಂದು ಭೇಟಿಗೆ ಗರಿಷ್ಠ ಆರು ತಿಂಗಳು. ಹಾಗೆಂದು ಆರೂ ತಿಂಗಳು ಕೇಳಿದರೆ, ಅಷ್ಟು ದಿನ ಏಳು ಎಕರೆಯನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಜನವರಿಯೊಳಗೆ ನಿಮ್ಮ ಕಬ್ಬು ಕಟಾವಾಗುವುದಾದರೆ ಫೆಬ್ರುವರಿ ನಡುವೆ ಹೊರಟು ಮುಂಗಾರಿಗೆ ಮರಳುವುದು ಸಹಜವಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಕೂಳೆ ಕಬ್ಬಿಗೆ ನೀರು ಬಿಡುವವರು ತಮ್ಮನೋ ಪಾಲುದಾರರೋ, ಅವರ ಹೆಸರನ್ನು ನಿಮ್ಮ ಪತ್ರದಲ್ಲಿ ಬರೆಯಿರಿ.

ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ. ಹೆರಿಗೆ ನಿಮಗಾಗಿ ಕಾಯುವುದಿಲ್ಲ, ಆದ್ದರಿಂದ ನವೆಂಬರ್ ಕೊನೆಗೇ ಹಾಕಿ. ಟಿಕೆಟ್ ಈಗ ಬೇಡ, ವೀಸಾ ಕೈಗೆ ಬಂದ ಮೇಲೆ ತೆಗೆಯಿರಿ. ಮಗಳೊಂದಿಗಿನ ಸಂಬಂಧ ತೋರಿಸಲು ಈ ವಾರ ತಲಾಟಿಯವರ (ಗ್ರಾಮ ಆಡಳಿತಾಧಿಕಾರಿಯ) ಬಳಿ ವಂಶಾವಳಿಗೆ ಅರ್ಜಿ ಕೊಟ್ಟುಬಿಡಿ, ಹೋದ ಹಂಗಾಮಿನ ಬಿಲ್ಲುಗಳನ್ನು ಕಾರ್ಖಾನೆಯಲ್ಲಿ ಕೇಳಿ. ಕಾಕು ಅವರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ನನಗೆ ಪ್ರತ್ಯೇಕವಾಗಿ ಕಳುಹಿಸಿ, ಎಲ್ಲರೂ ನೋಡುವಲ್ಲಿ ಹಾಕಬೇಡಿ.