ಆಗಸ್ಟ್ ಸೆಮಿಸ್ಟರ್‌ನ ಪುಸ್ತಕಗಳು: ಯಾವುದನ್ನು ಯಾವಾಗ ಆರ್ಡರ್ ಮಾಡೋದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳು ಆಗಸ್ಟ್‌ನಲ್ಲಿ ಇಲ್ಲೇ ಅಮೆರಿಕದ ಸ್ಟೇಟ್ ಯೂನಿವರ್ಸಿಟಿ ಸೇರುತ್ತಿದ್ದಾಳೆ, ಐದು ಕೋರ್ಸ್. ಬುಕ್‌ಸ್ಟೋರ್ ಪುಟದಲ್ಲಿ ಎರಡಕ್ಕೆ ಪುಸ್ತಕದ ಹೆಸರಿದೆ, ಒಂದಕ್ಕೆ ‘ಟು ಬಿ ಡಿಟರ್ಮಿನ್ಡ್’ (ಇನ್ನೂ ನಿರ್ಧಾರವಾಗಿಲ್ಲ), ಇನ್ನೊಂದಕ್ಕೆ ‘ಇನ್‌ಕ್ಲೂಡೆಡ್’, ಕೊನೆಯದಕ್ಕೆ ಏನೂ ಇಲ್ಲ. ಈಗಲೇ ಎಲ್ಲ ಆರ್ಡರ್ ಮಾಡಿಬಿಡಲಾ? ಜುಲೈ ಕೊನೆಗೆ ಬೆಂಗಳೂರಿಂದ ಅತ್ತೆ ಮಾವ ಬರ್ತಾರೆ, ಅವರ ಕೈಲಿ ಇಂಡಿಯನ್ ಎಡಿಷನ್ ತರಿಸಬಹುದಾ?

ಉತ್ತರ 1

ಈಗಲೇ ಎಲ್ಲ ತಗೋಬೇಡಿ ಮೇಡಂ. ಮುಂಚೆ ಆರ್ಡರ್ ಮಾಡಬೇಕಾದ್ದು ಅಚ್ಚಿನ ಪುಸ್ತಕ ಮಾತ್ರ. ಆನ್‌ಲೈನ್ ಹೋಮ್‌ವರ್ಕಿನ ಆಕ್ಸೆಸ್ ಕೋಡ್ ಕ್ಲಾಸ್ ಶುರುವಾದ ಮೇಲೆ. ‘ಇನ್‌ಕ್ಲೂಡೆಡ್’ ಅಂತಿರೋದನ್ನ ಆರ್ಡರ್ ಮಾಡಲೇಬಾರದು, ಅದು ತಾನಾಗಿ ಫೀಸಿನ ಬಿಲ್ಲಿಗೆ ಬಂದು ಕೂರುತ್ತೆ. ಎರಡು ಸಲ ದುಡ್ಡು ಕೊಡೋರು ಬಹುಪಾಲು ಇಲ್ಲೇ ಎಡವೋದು.

ಪಟ್ಟಿ ಎಲ್ಲಿಂದ ನೋಡ್ತೀರಿ ಅನ್ನೋದೂ ಮುಖ್ಯ. ಬುಕ್‌ಸ್ಟೋರ್ ಪುಟದಲ್ಲಿ ಕೈಯಾರೆ ಹುಡುಕಿದರೆ ಸೆಕ್ಷನ್ ತಪ್ಪಿಹೋಗಬಹುದು. ಒಂದೇ ಕೆಮಿಸ್ಟ್ರಿ ಕೋರ್ಸಿನ 001ನೇ ಸೆಕ್ಷನ್‌ಗೆ ಒಂದು ಪುಸ್ತಕ, 014ಕ್ಕೆ ಇನ್ನೊಂದು ಇರುತ್ತೆ, ಮೇಷ್ಟ್ರು ಬೇರೆ. ಮಗಳ ಸ್ಟೂಡೆಂಟ್ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್ ಪುಟದ ಪಕ್ಕ ಪುಸ್ತಕದ ಲಿಂಕ್ ಇದ್ದರೆ ಅಲ್ಲಿಂದ ಹೋಗಿ, ಅವಳ ಸೆಕ್ಷನ್ನೇ ಬರುತ್ತೆ.

ಪುಸ್ತಕ ಕೊಳ್ಳೋದು ಹೆಸರು ನೋಡಿ ಅಲ್ಲ, 13 ಅಂಕಿಯ ಐಎಸ್‌ಬಿಎನ್ ನೋಡಿ. ಹೆಸರು, ಲೇಖಕರು, ಮುಖಪುಟದ ಚಿತ್ರ ಎಲ್ಲ ಒಂದೇ ಇದ್ದರೂ ಗಟ್ಟಿ ರಟ್ಟಿನದಕ್ಕೆ ಒಂದು ಸಂಖ್ಯೆ, ಬಿಡಿ ಹಾಳೆಯ ಲೂಸ್‌ಲೀಫ್‌ಗೆ ಒಂದು, ಇ-ಬುಕ್‌ಗೆ ಒಂದು, ಪುಸ್ತಕ ಮತ್ತು ಕೋಡ್ ಸೇರಿದ ಕಟ್ಟಿಗೆ ಇನ್ನೊಂದು. ಲೂಸ್‌ಲೀಫ್ ಅಂದರೆ ಮೂರು ತೂತಿನ ಹಾಳೆಗಳ ಕಟ್ಟು, ಬೈಂಡರ್ ನೀವೇ ತರಬೇಕು. ಅಗ್ಗ ಹೌದು, ಆದರೆ ಸೆಮಿಸ್ಟರ್ ಕೊನೆಯ ಬೈಬ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದನ್ನ ಯಾರೂ ವಾಪಸ್ ತಗೊಳ್ಳೋದಿಲ್ಲ. ಮುಖಪುಟದ ಮೇಲೆ ಯೂನಿವರ್ಸಿಟಿಯ ಹೆಸರೇ ಅಚ್ಚಾಗಿದ್ದರೆ ಅದು ಕಸ್ಟಮ್ ಎಡಿಷನ್. ಅದು ಹೊರಗೆ ಸಿಗೋದು ಅಪರೂಪ, ಅಲ್ಲಿನ ಬುಕ್‌ಸ್ಟೋರ್ ಇಲ್ಲವೇ ಹೋದ ಸಲದ ವಿದ್ಯಾರ್ಥಿಗಳ ಹತ್ತಿರವೇ ಕೇಳಬೇಕು.

‘ಟು ಬಿ ಡಿಟರ್ಮಿನ್ಡ್’ ನೋಡಿ ಗಾಬರಿ ಆಗಬೇಡಿ. 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯ ಪ್ರಕಾರ, ಫೆಡರಲ್ ನೆರವು ಪಡೆಯೋ ಕಾಲೇಜುಗಳು ರಿಜಿಸ್ಟ್ರೇಷನ್ ಹೊತ್ತಿನ ಕೋರ್ಸ್ ಪಟ್ಟಿಯಲ್ಲೇ ಪುಸ್ತಕದ ಐಎಸ್‌ಬಿಎನ್ ಮತ್ತು ಬೆಲೆಯನ್ನ ಆದಷ್ಟು ಮಟ್ಟಿಗೆ ಕೊಡಬೇಕು. 2010ರ ಜುಲೈಯಿಂದ ಜಾರಿಯಲ್ಲಿದೆ. ಕೊಡಲಾಗದಿದ್ದರೆ ಈ ಮಾತು ಹಾಕಬಹುದು ಅಂತ ಅದೇ ಕಾಯ್ದೆ ಬಿಟ್ಟಿದೆ. ಪುಸ್ತಕ ಆರಿಸೋದು ಮೇಷ್ಟ್ರು. ಆಗಸ್ಟ್ ಸೆಮಿಸ್ಟರಿಗೆ ಬುಕ್‌ಸ್ಟೋರ್‌ನವರು ಮಾರ್ಚ್-ಏಪ್ರಿಲ್‌ನಲ್ಲೇ ಕೇಳಿರುತ್ತಾರೆ, ಕೆಲವರು ಕೊಟ್ಟಿರೋದಿಲ್ಲ. ಮೇಷ್ಟ್ರ ಜಾಗದಲ್ಲಿ ‘ಸ್ಟಾಫ್’ ಅಂತಿದ್ದರೆ ಕಲಿಸೋರು ಯಾರು ಅಂತಲೇ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ. ಬುಕ್‌ಸ್ಟೋರಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಕೋರ್ಸ್ ಮತ್ತು ಸೆಕ್ಷನ್ ನಂಬರ್ ಹಾಕಿ ಮೇಷ್ಟ್ರಿಗೋ ಡಿಪಾರ್ಟ್‌ಮೆಂಟ್ ಆಫೀಸಿಗೋ ಎರಡು ಸಾಲಿನ ಮೇಲ್ ಹಾಕಿ. ಬರೆಯೋದು ಮಗಳು, ಅವಳ ಯೂನಿವರ್ಸಿಟಿ ಮೇಲ್‌ನಿಂದ. ಅಪ್ಪ ಅಮ್ಮ ಬರೆದರೆ ವಿದ್ಯಾರ್ಥಿಯೇ ಬರೆಯಲಿ ಅನ್ನೋ ಉತ್ತರ ಬರುತ್ತೆ. ಹೋದ ವರ್ಷದ ಸಿಲಬಸ್ ನೆಟ್‌ನಲ್ಲಿ ಸಿಕ್ಕರೆ ಅಂದಾಜಿಗೆ ನೋಡಿ, ಅದನ್ನ ನಂಬಿ ಕೊಳ್ಳಬೇಡಿ.

ಆಗಸ್ಟ್ 24ಕ್ಕೆ ಕ್ಲಾಸ್ ಅಂತಿಟ್ಟುಕೊಳ್ಳಿ. ಜುಲೈ ಕೊನೆಯ ವಾರ ಪಟ್ಟಿ ಇನ್ನೊಮ್ಮೆ ನೋಡಿ, ಆಗಸ್ಟ್ ಮೊದಲ ವಾರದೊಳಗೆ ಅಚ್ಚಿನವನ್ನ ಆರ್ಡರ್ ಮಾಡಿ. ಬುಕ್‌ಸ್ಟೋರ್‌ನಲ್ಲಿ ಹಳೇ ಪ್ರತಿಗಳು ಮೊದಲು ಖಾಲಿಯಾಗುತ್ತವೆ. ಚೆಕ್‌ಔಟ್ ಹೊತ್ತಿಗೆ ‘ಯೂಸ್ಡ್ ಸಿಗದಿದ್ದರೆ ನ್ಯೂ ಕಳಿಸಿ’ ಅನ್ನೋ ಅರ್ಥದ ಸಣ್ಣ ಬಾಕ್ಸ್ ಬರಬಹುದು. ಟಿಕ್ ಬಿದ್ದಿದ್ದರೆ ಹಳೆಯದರ ಬೆಲೆ ನೋಡಿ ಆರ್ಡರ್ ಮಾಡಿದ್ದಕ್ಕೆ ಹೊಸದರ ಬೆಲೆ ಕಟ್ಟಾಗುತ್ತೆ, ಟಿಕ್ ತೆಗೆದರೆ ಆ ಪುಸ್ತಕವೇ ಕ್ಯಾನ್ಸಲ್ ಆಗಬಹುದು. ಯಾವುದಾದರೂ ಸರಿ, ನೋಡಿ ನಿರ್ಧಾರ ಮಾಡಿ. ಇನ್ನೊಂದು, ಆರ್ಡರ್ ಬಂತು ಅನ್ನೋ ಮೇಲ್ ಬೇರೆ, ಪುಸ್ತಕ ರೆಡಿ ಇದೆ ಅನ್ನೋ ಮೇಲ್ ಬೇರೆ. ಎರಡನೆಯದು ಬರದೆ ಅಂಗಡಿಗೆ ಹೋದರೆ ಮೊದಲ ವಾರದ ಕ್ಯೂನಲ್ಲಿ ನಿಂತು ಬರಿಗೈಲಿ ವಾಪಸ್ ಬರಬೇಕು.

ಹೊರಗಿನ ಮಾರಾಟಗಾರರಿಂದ ಹಳೇ ಪುಸ್ತಕ ತರಿಸಿದರೆ ಅದು ಸಾಮಾನ್ಯವಾಗಿ ಮೀಡಿಯಾ ಮೇಲ್ ಅನ್ನೋ ಪುಸ್ತಕದ ಅಗ್ಗದ ಅಂಚೆಯಲ್ಲಿ ಬರುತ್ತೆ. ಅಂಚೆಯವರು ಹೇಳೋದು 2ರಿಂದ 8 ದಿನ, ಮಾರುವವನು ಪ್ಯಾಕ್ ಮಾಡೋ ದಿನಗಳು ಅದರ ಮೇಲೆ. ಹಾಸ್ಟೆಲ್ ವಿಳಾಸಕ್ಕೆ ಹಾಕಿಸೋದಾದರೆ ಅಲ್ಲಿನ ಮೇಲ್‌ರೂಮ್ ಯಾವತ್ತಿನಿಂದ ಪಾರ್ಸೆಲ್ ಇಟ್ಟುಕೊಳ್ಳುತ್ತೆ ಅಂತ ಮೊದಲು ತಿಳಿದುಕೊಳ್ಳಿ. ಹಾಸ್ಟೆಲ್ ಸೇರೋ ದಿನಕ್ಕೆ ಮುಂಚೆ ಬಂದಿದ್ದನ್ನ ಕೆಲವು ಕಡೆ ವಾಪಸ್ ಕಳಿಸಿಬಿಡ್ತಾರೆ.

ಪ್ಲಾಸ್ಟಿಕ್ ಹೊದಿಕೆಯ ಪುಸ್ತಕವನ್ನ ಮೊದಲ ಕ್ಲಾಸ್ ಮುಗಿಯೋವರೆಗೂ ಬಿಚ್ಚಬೇಡಿ. ಬಿಚ್ಚಿದರೆ, ಅಥವಾ ಕೋಡ್ ಮೇಲಿನ ಪಟ್ಟಿ ಕೆರೆದರೆ, ರೀಫಂಡ್ ಆಸೆ ಬಿಡಿ. ಮುಟ್ಟದಿದ್ದರೆ ಸಾಮಾನ್ಯವಾಗಿ ಮೊದಲ ವಾರ ರಸೀದಿ ತೋರಿಸಿ ಪೂರ್ತಿ ದುಡ್ಡು ವಾಪಸ್ ಪಡೆಯಬಹುದು. ಕೊನೆಯ ತಾರೀಖು ಒಂದೊಂದು ಅಂಗಡಿಗೆ ಒಂದೊಂದು, ಅದನ್ನ ಕ್ಯಾಲೆಂಡರಿಗೆ ಹಾಕಿಕೊಳ್ಳಿ.

ಉತ್ತರ 2

ಕೋಡ್ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಪಿಯರ್ಸನ್‌ನ ಮೈಲ್ಯಾಬ್, ಮೆಕ್‌ಗ್ರಾ ಹಿಲ್‌ನ ಕನೆಕ್ಟ್, ಸೆಂಗೇಜ್‌ನ ವೆಬ್‌ಅಸೈನ್ ಈ ಆನ್‌ಲೈನ್ ಹೋಮ್‌ವರ್ಕ್ ಸೈಟ್‌ಗಳ ಕೋಡ್ ಒಬ್ಬರಿಗೆ ಒಂದೇ ಸಲ. ಹಳೇ ಪುಸ್ತಕದೊಳಗಿನ ಕೋಡ್ ಆಗಲೇ ಖರ್ಚಾಗಿರುತ್ತೆ, ಅದಕ್ಕೆ ಕೋಡ್ ಬೇಕಾದ ಕೋರ್ಸಿಗೆ ಹಳೇ ಪುಸ್ತಕ ಲಾಭ ಅನ್ನೋದು ಬರೀ ಭ್ರಮೆ. ಕ್ಲಾಸ್ ತೆರೆದ ಮೇಲೆ ಕ್ಯಾನ್ವಾಸ್‌ನಲ್ಲಿ (ಯೂನಿವರ್ಸಿಟಿಯ ಆನ್‌ಲೈನ್ ಕ್ಲಾಸ್ ಪುಟ) ಆ ಕೋರ್ಸಿನ ಒಳಗಿರೋ ಲಿಂಕ್‌ನಿಂದಲೇ ಹೋಗಲಿ, ಯೂನಿವರ್ಸಿಟಿ ಮೇಲ್‌ನಿಂದಲೇ ಖಾತೆ ತೆರೆಯಲಿ. ಪ್ರಕಾಶಕರ ಸೈಟಿಗೆ ನೇರವಾಗಿ ಹೋಗಿ ಜಿಮೇಲ್‌ನಲ್ಲಿ ಇನ್ನೊಂದು ಖಾತೆ ಮಾಡಿಕೊಂಡರೆ ಮಾಡಿದ ಹೋಮ್‌ವರ್ಕ್ ಮೇಷ್ಟ್ರ ಪಟ್ಟಿಗೆ ಹೋಗೋದೇ ಇಲ್ಲ.

ಇವುಗಳಲ್ಲಿ ಸಾಮಾನ್ಯವಾಗಿ 14 ದಿನ ದುಡ್ಡಿಲ್ಲದೆ ತಾತ್ಕಾಲಿಕ ಪ್ರವೇಶ ಕೊಡ್ತಾರೆ. ಕೋರ್ಸ್ ಬಿಡೋ ಯೋಚನೆ ಇದ್ದರೆ ಅದು ಸಾಕು. ಆಮೇಲೆ ಅದೇ ಖಾತೆಯಲ್ಲಿ ದುಡ್ಡು ಕಟ್ಟಿದರೆ ಮಾಡಿದ ಕೆಲಸ ಉಳಿಯುತ್ತೆ. ಕೊಳ್ಳೋವಾಗ ಬುಕ್‌ಸ್ಟೋರ್‌ನ ಕಾರ್ಡಿನ ಬೆಲೆ ಮತ್ತು ಲಿಂಕ್ ಒಳಗೆ ತೋರಿಸೋ ಬೆಲೆ ಎರಡನ್ನೂ ನೋಡಿ. ಕ್ಯಾಲ್ಕುಲಸ್ 1, 2, 3ಕ್ಕೆ ಒಂದೇ ಪುಸ್ತಕ ಅಂತಾದರೆ ಒಂದು ಸೆಮಿಸ್ಟರ್ ಬದಲು ಉದ್ದದ ಅವಧಿ ತಗೊಂಡರೆ ಜನವರಿಯಲ್ಲಿ ಮತ್ತೆ ಕೊಡೋದು ತಪ್ಪುತ್ತೆ.

‘ಇನ್‌ಕ್ಲೂಡೆಡ್’ ಅನ್ನೋದರಲ್ಲಿ ಎರಡು ಬಗೆ. ಒಂದು, ಆ ಒಂದು ಕೋರ್ಸಿನ ಡಿಜಿಟಲ್ ಪುಸ್ತಕಕ್ಕೆ ಮಾತ್ರ. ಇನ್ನೊಂದು ಎಲ್ಲ ಕೋರ್ಸಿಗೂ ಸೇರಿಸಿ, ಕ್ರೆಡಿಟ್ ಲೆಕ್ಕದಲ್ಲಿ. ಬಾರ್ನ್ಸ್ ಅಂಡ್ ನೋಬಲ್ ಕಾಲೇಜ್‌ನವರ ‘ಫಸ್ಟ್ ಡೇ ಕಂಪ್ಲೀಟ್’ ಆ ಜಾತಿ. ಎರಡರಿಂದಲೂ ಹೊರಗೆ ಬರೋ ಹಕ್ಕಿದೆ. ಪುಸ್ತಕದ ದುಡ್ಡನ್ನ ಫೀಸಿಗೆ ಸೇರಿಸಬೇಕಾದರೆ ಬೆಲೆ ಮಾರುಕಟ್ಟೆಗಿಂತ ಕಡಿಮೆ ಇರಬೇಕು, ಸೆಮಿಸ್ಟರಿನ ಏಳನೇ ದಿನದೊಳಗೆ ಪುಸ್ತಕ ಸಿಗಬೇಕು, ಆಪ್ಟ್ ಔಟ್ ದಾರಿ ಇರಬೇಕು ಅಂತ 2016ರಲ್ಲಿ ಜಾರಿಗೆ ಬಂದ ಫೆಡರಲ್ ನಿಯಮ ಹೇಳುತ್ತೆ. ಆದರೆ ಆಪ್ಟ್ ಔಟ್‌ಗೆ ಕೊನೆಯ ದಿನ ಇದೆ, ಸಾಮಾನ್ಯವಾಗಿ ಆಡ್-ಡ್ರಾಪ್ (ಕೋರ್ಸ್ ಸೇರಿಸೋ, ಬಿಡೋ ಅವಧಿ) ಮುಗಿಯೋ ಆಸುಪಾಸು. ಆ ಮೇಲ್ ಮಗಳ ಯೂನಿವರ್ಸಿಟಿ ಇನ್‌ಬಾಕ್ಸಿಗೆ ಬರುತ್ತೆ, ನಿಮಗಲ್ಲ.

ಎಲ್ಲ ಸೇರಿದ ಬಗೆಯಾದರೆ ಹೀಗೆ ತೂಗಿ ನೋಡಿ. ಕ್ರೆಡಿಟ್‌ಗೆ 20 ಡಾಲರ್ ಅಂತಿಟ್ಟುಕೊಂಡರೆ 15 ಕ್ರೆಡಿಟ್‌ಗೆ 300. ಎರಡು ಕೋರ್ಸಿಗೆ ಕೋಡ್ ಬೇಕು, ಒಂದಕ್ಕೆ ದಪ್ಪ ಪುಸ್ತಕ ಬೇಕು ಅಂದರೆ 300 ದಕ್ಕಿದ ಹಾಗೆ. ಮೂರು ಕೋರ್ಸಿಗೆ ಪುಸ್ತಕವೇ ಇಲ್ಲದಿದ್ದರೆ ಹೊರಗೆ ಬನ್ನಿ. ಇಲ್ಲಿ ಒಂದು ಕೋರ್ಸ್ ಉಳಿಸಿಕೊಂಡು ಇನ್ನೊಂದು ಬಿಡೋಕೆ ಆಗೋದಿಲ್ಲ, ಬಿಟ್ಟರೆ ಎಲ್ಲ ಬಿಟ್ಟ ಹಾಗೆ. ಬಿಟ್ಟ ಕ್ಷಣ ಹೋಮ್‌ವರ್ಕಿನ ಬಾಗಿಲೂ ಮುಚ್ಚುತ್ತೆ, ಅದಕ್ಕೆ ಬದಲಿ ಗೊತ್ತು ಮಾಡಿಕೊಳ್ಳದೆ ಬಟನ್ ಒತ್ತಬೇಡಿ.

ಉತ್ತರ 3

ಇಂಡಿಯನ್ ಎಡಿಷನ್ ತರಿಸೋದರಲ್ಲಿ ಕಾನೂನಿನ ತೊಡಕಿಲ್ಲ. ‘ಭಾರತ, ನೇಪಾಳ, ಶ್ರೀಲಂಕಾದಲ್ಲಿ ಮಾತ್ರ ಮಾರಾಟಕ್ಕೆ’ ಅನ್ನೋ ಮುದ್ರೆ ನೋಡಿ ಹೆದರೋರಿದ್ದಾರೆ. 2013ರ ಕರ್ಟ್‌ಸೆಂಗ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶದಲ್ಲಿ ಕಾನೂನುಬದ್ಧವಾಗಿ ಅಚ್ಚಾಗಿ ಮಾರಾಟವಾದ ಪ್ರತಿಯನ್ನ ಕೊಂಡವರು ಇಲ್ಲಿಗೆ ತರಬಹುದು, ಮಾರಲೂಬಹುದು ಅಂತ 6-3ರಲ್ಲಿ ತೀರ್ಪು ಕೊಟ್ಟಿದೆ. ಫುಟ್‌ಪಾತಿನ ಜೆರಾಕ್ಸ್ ಪ್ರತಿಗೆ ಇದು ಅನ್ವಯಿಸೋದಿಲ್ಲ, ಅದು ಕಳ್ಳಮಾಲು.

ಕಷ್ಟ ಇರೋದು ಪುಸ್ತಕದೊಳಗೆ. ಅಧ್ಯಾಯ ಒಂದೇ ಇದ್ದರೂ ಕೊನೆಯ ಲೆಕ್ಕಗಳ ಸಂಖ್ಯೆ ಅದಲುಬದಲಾಗಿರುತ್ತೆ. ಮೇಷ್ಟ್ರು 17, 23, 41 ಮಾಡಿ ಅಂದರೆ ನಿಮ್ಮ ಪುಸ್ತಕದ 23 ಬೇರೆಯದೇ ಲೆಕ್ಕ. ಜೊತೆಗೆ ಇಲ್ಲಿನ ಕೋಡ್ ಬರೋದಿಲ್ಲ, ಎಷ್ಟೋ ಸಲ ಒಂದು ಎಡಿಷನ್ ಹಿಂದೆ ಇರುತ್ತೆ. ಅದಕ್ಕೆ ಮೊದಲ ವರ್ಷದ ಗಣಿತ, ಕೆಮಿಸ್ಟ್ರಿ, ಅಕೌಂಟಿಂಗ್‌ಗೆ ಬೇಡ. ಎಂಎಸ್ ಮಾಡೋರ ಆಲ್ಗಾರಿದಮ್ಸ್, ಸಿಗ್ನಲ್ಸ್, ಕಂಟ್ರೋಲ್ ಸಿಸ್ಟಮ್ಸ್ ಥರದ ಆಕರ ಪುಸ್ತಕಗಳಿಗೆ ಧಾರಾಳವಾಗಿ ತರಿಸಿ. ಅವೆನ್ಯೂ ರಸ್ತೆಯಲ್ಲಿ ಲೇಖಕರ ಹೆಸರು ಮತ್ತು ಎಡಿಷನ್ ಎರಡನ್ನೂ ಬರೆದುಕೊಟ್ಟು ಕಳಿಸಿ. 23 ಕೆಜಿ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆ ಮೂರು ದಪ್ಪ ಪುಸ್ತಕ ಹಿಡಿಸೋದು ಅತ್ತೆಯವರ ಮನಸ್ಸಿಗೆ ಬಿಟ್ಟಿದ್ದು.

ದುಡ್ಡು ಹಾಕೋ ಮುಂಚೆ ಓಪನ್‌ಸ್ಟ್ಯಾಕ್ಸ್ ನೋಡಿ. ಹ್ಯೂಸ್ಟನ್‌ನ ರೈಸ್ ಯೂನಿವರ್ಸಿಟಿಯವರು 2012ರಿಂದ ಕೊಡ್ತಿರೋ ಉಚಿತ ಪಠ್ಯಗಳು, ಕ್ಯಾಲ್ಕುಲಸ್, ಫಿಸಿಕ್ಸ್, ಬಯಾಲಜಿ ಎಲ್ಲ ಇವೆ, ಎಷ್ಟೋ ಮೇಷ್ಟ್ರು ಅದನ್ನೇ ಹಾಕಿರ್ತಾರೆ. ಆರ್ಡರ್ ಬರೋದು ತಡವಾದರೆ ಲೈಬ್ರರಿಯ ‘ಕೋರ್ಸ್ ರಿಸರ್ವ್’ ಕೌಂಟರ್‌ನಲ್ಲಿ ಕೇಳಲಿ. ಒಂದು ಪ್ರತಿ ಇಟ್ಟಿದ್ದರೆ ಎರಡು ಮೂರು ಗಂಟೆ ಹೊತ್ತಿಗೆ ಕೊಡ್ತಾರೆ, ಮೊದಲ ಹೋಮ್‌ವರ್ಕಿಗೆ ಸಾಕು.

ಉತ್ತರ 4

ಊರಿಂದ ನೇರ ಬರೋ ಎಫ್-1 (ವಿದ್ಯಾರ್ಥಿ ವೀಸಾ) ಮಕ್ಕಳಿಗೆ ಒಂದೆರಡು ಮಾತು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಬಂದಿರುತ್ತೆ, ಇಟ್ಟ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿರುತ್ತೆ, ಯೂನಿವರ್ಸಿಟಿ ದಾಖಲೆಯಲ್ಲೂ ಹಾಗೇ ಉಳಿಯಬಹುದು. ಆರ್ಡರ್‌ನಲ್ಲಿ ಮನೆಯಲ್ಲಿ ಬಳಸೋ ಹೆಸರು ಹಾಕಿದರೆ ಕೌಂಟರ್‌ನಲ್ಲಿ ಐಡಿ ಹೊಂದೋದಿಲ್ಲ. ಐಡಿ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಹಾಕಿ. ಅಪ್ಪನ ಕಾರ್ಡಿನಿಂದ ಆರ್ಡರ್ ಮಾಡಿದರೂ ಪಿಕಪ್ ಹೆಸರು ಮಗುವಿನದು ಇರಲಿ.

ಭಾರತದ ಕಾರ್ಡಿನಲ್ಲಿ ಮೊದಲು ಬ್ಯಾಂಕ್ ಆ್ಯಪ್‌ಗೆ ಹೋಗಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆ ಆನ್ ಮಾಡಿ. 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬಿಲ್ಲಿಂಗ್ ವಿಳಾಸದಲ್ಲಿ ಝಿಪ್ 5 ಅಂಕಿ ಕೇಳುತ್ತೆ, ನಮ್ಮ ಪಿನ್‌ಕೋಡ್ 6. ಎಷ್ಟೋ ಸಲ ಪೇಮೆಂಟ್ ಫೇಲ್ ಆಗೋದು ಇಲ್ಲೇ. ಬಂದಿಳಿದ ಮೇಲೆ ಇಲ್ಲಿನ ಬ್ಯಾಂಕ್ ಕಾರ್ಡಿನಿಂದ, ಇಲ್ಲವೇ ಅಂಗಡಿಯಲ್ಲೇ ಕಾರ್ಡ್ ಹಾಕಿ ತಗೊಳ್ಳೋದು ಸುಲಭ.

ಬಾಡಿಗೆಗೆ ತಗೊಂಡರೆ ಕೊಟ್ಟ ಕಾರ್ಡ್ ಡಿಸೆಂಬರ್‌ವರೆಗೂ ಚಾಲ್ತಿಯಲ್ಲಿರಬೇಕು. ಪರೀಕ್ಷೆಯ ಕೊನೆಯ ದಿನಗಳಲ್ಲಿ ವಾಪಸ್ ಕೊಡಬೇಕು, ತಪ್ಪಿದರೆ ಹೊಸ ಪುಸ್ತಕದ ಬೆಲೆ ಮತ್ತು ದಂಡ ಎರಡೂ ಅದೇ ಕಾರ್ಡಿಗೆ ಬೀಳುತ್ತೆ. ಪರೀಕ್ಷೆ ಮುಗಿದ ರಾತ್ರಿಯೇ ಊರಿಗೆ ಟಿಕೆಟ್ ಮಾಡಿಸಿರೋರು ಇದನ್ನ ಮರೆಯೋದು ಜಾಸ್ತಿ.

ಉತ್ತರ 5

ಹೈಸ್ಕೂಲಲ್ಲೇ ಕಾಲೇಜ್ ಕೋರ್ಸ್ ತಗೊಳ್ಳೋ ಮಕ್ಕಳಿದ್ದರೆ ರಾಜ್ಯದ ನಿಯಮ ನೋಡಿ. ಒಹಾಯೋದ ಕಾಲೇಜ್ ಕ್ರೆಡಿಟ್ ಪ್ಲಸ್ ಯೋಜನೆಯಲ್ಲಿ ಪಬ್ಲಿಕ್ ಶಾಲೆಯ ಮಕ್ಕಳು ಪಬ್ಲಿಕ್ ಕಾಲೇಜಿಗೆ ಹೋದರೆ ಪುಸ್ತಕ ಉಚಿತ, ಮಿನ್ನೆಸೋಟದ ಅಂಥದೇ ಪಿಎಸ್‌ಇಒ ಯೋಜನೆಯಲ್ಲೂ ಉಚಿತ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್‌ನಲ್ಲಿ ಪುಸ್ತಕದ ಖರ್ಚು ಸಾಮಾನ್ಯವಾಗಿ ಮನೆಯವರದು. ಉಚಿತ ಇರೋ ಕಡೆ ಕಾಲೇಜ್ ಹೇಳಿದ ದಾರಿಯಲ್ಲೇ ಪುಸ್ತಕ ತಗೊಳ್ಳಬೇಕು, ನೀವೇ ಹೊರಗೆ ಕೊಂಡು ಆಮೇಲೆ ಬಿಲ್ ಕೊಡ್ತೀನಿ ಅಂದರೆ ನಡೆಯೋದಿಲ್ಲ.

ಮೇಡಂ, ರಸೀದಿಗಳನ್ನ ಬಿಸಾಡಬೇಡಿ. ಅಮೆರಿಕನ್ ಆಪರ್ಚುನಿಟಿ ತೆರಿಗೆ ಕ್ರೆಡಿಟ್ (ಕಟ್ಟೋ ತೆರಿಗೆಯಲ್ಲೇ ಸಿಗೋ ಕಡಿತ) ವರ್ಷಕ್ಕೆ 2,500 ಡಾಲರ್‌ವರೆಗೆ ಇದೆ, ಕೋರ್ಸಿಗೆ ಬೇಕಾದ ಪುಸ್ತಕ ಎಲ್ಲಿ ಕೊಂಡರೂ ಲೆಕ್ಕಕ್ಕೆ ಬರುತ್ತೆ. 529 ಅನ್ನೋ ಕಾಲೇಜ್ ಉಳಿತಾಯ ಖಾತೆಯಿಂದಲೂ ಕೊಡಬಹುದು, ಆದರೆ ಒಂದೇ ರಸೀದಿಯನ್ನ ಎರಡೂ ಕಡೆ ತೋರಿಸೋ ಹಾಗಿಲ್ಲ.

ಮತ್ತೆ ಪ್ರಶ್ನೆ

ತುಂಬಾ ಉಪಕಾರ ಆಯ್ತು. ಏನೂ ಇಲ್ಲದ ಆ ಐದನೇ ಕೋರ್ಸ್ ಬಯಾಲಜಿ. ಪುಸ್ತಕವೇ ಬೇಡವಾ ಹಾಗಾದರೆ?

ಉತ್ತರ 1

‘ನೋ ಮೆಟೀರಿಯಲ್ಸ್ ರಿಕ್ವೈರ್ಡ್’ ಅಂತ ಬರೆದಿದ್ದರೆ ಮೇಷ್ಟ್ರೇ ಬೇಡ ಅಂದಿದ್ದಾರೆ ಅಂತ ಅರ್ಥ. ಖಾಲಿ ಇದ್ದರೆ ಮಾಹಿತಿ ಬಂದಿಲ್ಲ ಅಷ್ಟೇ, ಬೇಡ ಅಂತಲ್ಲ. ಬಯಾಲಜಿ ಅಂದ ಮೇಲೆ ಲ್ಯಾಬಿಗೆ ಬೇರೆ ಸೆಕ್ಷನ್ ನಂಬರ್ ಇರುತ್ತೆ, ಅದರ ಪಟ್ಟಿಯನ್ನ ಬೇರೆಯಾಗಿ ತೆರೆದು ನೋಡಿ. ಲ್ಯಾಬ್ ಮ್ಯಾನುಯಲ್, ಕನ್ನಡಕದ ಥರದ ಗಾಗಲ್ಸ್, ಕೋಟು ಅಲ್ಲಿರುತ್ತವೆ. ಮ್ಯಾನುಯಲ್‌ನಲ್ಲಿ ಹರಿದು ಕೊಡೋ ಹಾಳೆಗಳಿದ್ದರೆ ಹಳೇದು ಉಪಯೋಗಕ್ಕೆ ಬಾರದು, ಹೊಸದೇ ಬೇಕು. ಗಾಗಲ್ಸ್ ಇಲ್ಲದವರನ್ನ ಎಷ್ಟೋ ಕಡೆ ಲ್ಯಾಬ್ ಒಳಗೇ ಬಿಡೋದಿಲ್ಲ, ಅದನ್ನ ಮಾತ್ರ ಈ ವಾರವೇ ತಗೊಂಡರೂ ನಷ್ಟ ಇಲ್ಲ.