ಹ್ಯಾಮ್‌ಸ್ಟರ್ ಸೊಂಟದ ಕೂದಲು ಉದುರುತ್ತಿದೆ, ನುಸಿ ಇರಬಹುದಾ?

ಪ್ರಶ್ನೆ:
ನಮಸ್ಕಾರ. ನಮ್ಮದು ಸಿರಿಯನ್ ಗಂಡು ಹ್ಯಾಮ್‌ಸ್ಟರ್, ಎರಡು ವರ್ಷ ತುಂಬುತ್ತಾ ಬಂತು. ಈಚೆಗೆ ಸೊಂಟದ ಮೇಲೆ ಕೂದಲು ತೆಳ್ಳಗಾಗಿ ಚರ್ಮ ಕಾಣ್ತಿದೆ, ಒಣ ಹೊಟ್ಟು ಉದುರುತ್ತೆ. ಎರಡೂ ಪಕ್ಕೆಯಲ್ಲಿ ಒಂದೊಂದು ಕಪ್ಪು ಮಚ್ಚೆ ಇದೆ. ಕೆರೆದುಕೊಳ್ಳೋದು ಅಷ್ಟಾಗಿ ಇಲ್ಲ. ಮನೇಲಿ ಬೇವಿನೆಣ್ಣೆ ಹಚ್ಚು ಅಂತಿದ್ದಾರೆ. ನಾಯಿಗೆ ತಂದಿದ್ದ ಉಣ್ಣೆ ಔಷಧಿಯೂ ಇದೆ, ಒಂದು ಹನಿ ಹಾಕಲಾ?

ಉತ್ತರ:
ದಯವಿಟ್ಟು ಎರಡನ್ನೂ ಹಾಕಬೇಡಿ. ಉಣ್ಣೆ ಔಷಧಿಯ ಅಳತೆ ನಾಯಿಯ ತೂಕಕ್ಕೆ ಮಾಡಿದ್ದು. ಸಿರಿಯನ್ ತೂಗೋದು ಸುಮಾರು 120ರಿಂದ 150 ಗ್ರಾಂ, ಅದಕ್ಕೆ ಒಂದೇ ಹನಿ ವಿಷವಾಗಬಹುದು. ಎಣ್ಣೆ ಹಚ್ಚಿದರೆ ಮೈ ನೆಕ್ಕಿ ನೆಕ್ಕಿ ಎಲ್ಲ ಹೊಟ್ಟೆಗೆ ಹೋಗುತ್ತೆ.

ಪಕ್ಕೆಯ ಮಚ್ಚೆ ಎರಡೂ ಕಡೆ ಒಂದೇ ಜಾಗದಲ್ಲಿದ್ದರೆ ಅದು ವಾಸನೆ ಗ್ರಂಥಿ. ಗಂಡುಗಳಲ್ಲಿ ಎದ್ದು ಕಾಣುತ್ತೆ, ರೋಗವಲ್ಲ. ಸೊಂಟದ್ದು ಬೇರೆ ವಿಷಯ. ವಯಸ್ಸಾಗಿದೆ, ಹೊಟ್ಟು ಇದೆ, ಕೆರೆತ ಇಲ್ಲ ಅಂದರೆ ಮೊದಲು ಡೆಮೊಡೆಕ್ಸ್ ನುಸಿ ಅನುಮಾನಿಸಬೇಕು. ಆರೋಗ್ಯವಾಗಿರುವ ಹ್ಯಾಮ್‌ಸ್ಟರ್ ಚರ್ಮದಲ್ಲೂ ಅದು ಸ್ವಲ್ಪ ಇದ್ದೇ ಇರುತ್ತೆ. ಮೈಯಲ್ಲಿ ತಡೆಯುವ ಶಕ್ತಿ ಕುಗ್ಗಿದಾಗ ಹೆಚ್ಚಿಕೊಳ್ಳುತ್ತೆ. ಹಾಗಾಗಿ ನುಸಿ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮೂತ್ರಪಿಂಡ, ಅದರ ಪಕ್ಕದಲ್ಲಿ ಹಾರ್ಮೋನ್ ಸುರಿಸುವ ಅಡ್ರಿನಲ್ ಗ್ರಂಥಿ, ಗಡ್ಡೆ ಇವನ್ನೂ ನೋಡಿ ಅಂತ ಡಾಕ್ಟರನ್ನು ಕೇಳಿ. ನನ್ನ ಮಟ್ಟಿಗೆ ಔಷಧಿಗಿಂತ ಇದೇ ಮುಖ್ಯ.

ಕಿವಿ, ಮೂಗು, ಪಾದದ ಮೇಲೆ ಹಕ್ಕಳೆ ಕಟ್ಟಿ ವಿಪರೀತ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ನುಸಿ ಇರಬಹುದು. ಬೋಳಾದ ಜಾಗ ದುಂಡಗಿದ್ದರೆ ಹುಳುಕಡ್ಡಿಯೂ ಆಗಿರಬಹುದು. ಕಣ್ಣಲ್ಲಿ ನೋಡಿ ಹೇಳಲಾಗದು, ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಲೇಬೇಕು.

ಪ್ರಶ್ನೆ:
ಥ್ಯಾಂಕ್ಸ್ ಸರ್. ಚಿಕಿತ್ಸೆ ಹೇಗಿರುತ್ತೆ? ಮಕ್ಕಳಿಗೆ ಅಂಟುತ್ತಾ? ಮರದ ಮಿಲ್ಲಿಂದ ತಂದ ಹೊಟ್ಟು ಹಾಸ್ತೀವಿ.

ಉತ್ತರ:
ಡೆಮೊಡೆಕ್ಸ್ ಮನುಷ್ಯರಿಗೆ ಅಂಟಲ್ಲ. ಕಜ್ಜಿ ನುಸಿಯಲ್ಲಿ ಸಾರ್ಕಾಪ್ಟಿಸ್ ಅನ್ನೋದು ಅಂಟಬಹುದು, ರಿಪೋರ್ಟ್ ಬರೋವರೆಗೆ ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೆಸಿ. ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಅಥವಾ ಸೆಲಾಮೆಕ್ಟಿನ್ ಕೊಡ್ತಾರೆ, ಅಳತೆ ಡಾಕ್ಟರೇ ತೂಕ ನೋಡಿ ಹಾಕಬೇಕು. ಮೊಟ್ಟೆ ಸಾಯದೆ ಉಳಿಯೋದರಿಂದ ಒಂದೆರಡು ವಾರ ಬಿಟ್ಟು ಮತ್ತೆ ಕೊಡಬೇಕಾಗುತ್ತೆ. ಡೆಮೊಡೆಕ್ಸ್ ಆದರೆ ಇನ್ನೂ ನಿಧಾನ. ಕೂದಲು ಬಂತು ಅಂತ ನೀವೇ ನಿಲ್ಲಿಸಬೇಡಿ, ಇನ್ನೊಮ್ಮೆ ಚರ್ಮ ಪರೀಕ್ಷೆ ಮಾಡಿಸಿ.

ಮಿಲ್ಲಿನ ಹೊಟ್ಟು ಬಿಟ್ಟುಬಿಡಿ. ಧೂಳು ಜಾಸ್ತಿ, ಯಾವ ಮರದ್ದು ಅಂತಲೂ ಗೊತ್ತಾಗಲ್ಲ, ಇಲಿ ಓಡಾಡಿದ ಜಾಗವಾದರೆ ಇಲಿ ನುಸಿ ಬರಬಹುದು. ಆ ನುಸಿ ಹಾಸಿನಲ್ಲೇ ಅಡಗಿದ್ದು ರಕ್ತ ಹೀರೋಕೆ ಮಾತ್ರ ಮೈ ಹತ್ತುತ್ತೆ, ಮನುಷ್ಯರನ್ನೂ ಕಚ್ಚುತ್ತೆ. ರಾತ್ರಿ ಪಂಜರದಲ್ಲಿ ಬಿಳಿ ಬಟ್ಟೆ ಇಟ್ಟು ಬೆಳಿಗ್ಗೆ ನೋಡಿ, ಹರಿದಾಡುವ ಕೆಂಪು, ಕಪ್ಪು ಚುಕ್ಕೆ ಕಂಡರೆ ಅದೇ. ಈಗಿನ ಹಾಸು ಪೂರ್ತಿ ತೆಗೆದು ಕಟ್ಟಿ ಎಸೆಯಿರಿ. ಪಂಜರವನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ, ಕಾಗದದ ಹಾಸು ಹಾಕಿ. ಜಿರಳೆ ಸ್ಪ್ರೇ ಹೊಡೆಯಬೇಡಿ. ಹ್ಯಾಮ್‌ಸ್ಟರಿಗೆ ನೀರಿನ ಸ್ನಾನವೂ ಬೇಡ, ಚಳಿ ಹಿಡಿಯುತ್ತೆ.

ಹೊರಡುವ ಮುಂಚೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ಬರೆದಿಟ್ಟುಕೊಳ್ಳಿ. ಮೊಲ, ಹ್ಯಾಮ್‌ಸ್ಟರ್ ನೋಡುವ ಡಾಕ್ಟರ್ ಇದ್ದಾರಾ ಅಂತ ಫೋನಲ್ಲಿ ಕೇಳಿಕೊಂಡೇ ಹೋಗಿ.