ಓದುಗರ ಸ್ಪಂದನ: ‘ಅವ್ವನ ಮಾತಿಗೆ ನಾನೇ ನಾಚಿಕೊಂಡೆ’

ಕಳೆದ ವಾರದ ಸಮಸ್ಯೆ: ನಾನು ಜಮಖಂಡಿ ಕಡೆಯವಳು. ವಯಸ್ಸು 32. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಹ್ಯಾಂಗ’, ‘ಎದಕ್ಕ’ ಅಂದರೆ ಸಾಕು, ಊಟಕ್ಕೆ ಕೂತವರೆಲ್ಲ ನಗುತ್ತಿದ್ದರು. ‘ಇನ್ನೊಂದ್ಸಲ ಹೇಳಿ’ ಅನ್ನುತ್ತಿದ್ದರು. ಬರಬರುತ್ತಾ ಇಲ್ಲಿಯವರ ಹಾಗೇ ಮಾತಾಡಲು ಕಲಿತೆ. ಊರಿಗೆ ಹೋದರೆ ‘ಬೆಂಗಳೂರಾಕಿ ಬಂದ್ಲು’ ಅಂತ ಚುಡಾಯಿಸುತ್ತಾರೆ. ಕಳೆದ ತಿಂಗಳು ಅವ್ವ ಬಂದಿದ್ದಳು. ಮಗಳಿಗೆ ಐದು ತುಂಬಿದ ದಿನ ಗೆಳತಿಯರನ್ನು ಕರೆದಿದ್ದೆ. ಅವರು ಬರುವ ಮುಂಚೆ ಅವ್ವನಿಗೆ, ‘ಅವರ ಮುಂದೆ ಸ್ವಲ್ಪ ನೋಡಿ ಮಾತಾಡು’ ಅಂದುಬಿಟ್ಟೆ. ‘ಸುಮ್ಮಕ ಕುಂದರ್ತೀನಿ ಬಿಡವಾ’ ಅಂದಳು. ಸಂಜೆಯೆಲ್ಲ ಹಾಗೇ ಕೂತಿದ್ದಳು. ಅವಳು ಊರಿಗೆ ಹೋದ ಮೇಲೂ ಆ ಮಾತು ನನ್ನನ್ನು ಬಿಡುತ್ತಿಲ್ಲ. ನಾನು ಯಾರ ಹಾಗೆ ಮಾತಾಡಲಿ?

*

ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ನಾನು ಧಾರವಾಡದವಳು. ಮದುವೆಯಾಗಿ ಮೈಸೂರಿಗೆ ಬಂದಾಗ ಇಪ್ಪತ್ತೆರಡು ವರ್ಷ. ಬಂದ ವಾರವೇ ಕಿರಾಣಿ ಅಂಗಡಿಗೆ ಹೋಗಿ ‘ಕಾಲು ಕಿಲೋ ಪುಟಾಣಿ ಕೊಡ್ರಿ’ ಅಂದೆ. ಅಂಗಡಿಯವರು ನನ್ನ ಮುಖ ನೋಡಿದರು, ಪಕ್ಕದಲ್ಲಿದ್ದವರ ಮುಖ ನೋಡಿದರು. ಇಲ್ಲಿ ಪುಟಾಣಿ ಅಂದರೆ ಚಿಕ್ಕ ಮಕ್ಕಳು! ಡಬ್ಬಿಯ ಕಡೆ ಬೆರಳು ತೋರಿಸಿದೆ. ‘ಓ, ಹುರಿಗಡಲೆನಾ’ ಅಂದರು. ಎಲ್ಲರೂ ನಕ್ಕರು. ಮನೆಗೆ ಬಂದು ಅತ್ತುಬಿಟ್ಟೆ. ಮಾರನೇ ದಿನದಿಂದ ಉಳ್ಳಾಗಡ್ಡಿ ಹೋಗಿ ಈರುಳ್ಳಿ ಆಯಿತು, ಶೇಂಗಾ ಹೋಗಿ ಕಡಲೆಕಾಯಿ ಆಯಿತು.

ಅದಾದರೂ ಸುಲಭ. ಕಷ್ಟವಾಗಿದ್ದು ‘ರೀ’ ಬಿಡುವುದು. ನಮ್ಮಲ್ಲಿ ‘ರೀ’ ಅಂದರೆ ಮರ್ಯಾದೆ. ಕಂಡಕ್ಟರಿಗೂ ರೀ, ಕಾಯಿಪಲ್ಲೆ ಮಾರುವವರಿಗೂ ರೀ. ಇಲ್ಲಿ ಗಂಡನನ್ನು ಹಾಗೆ ಕರೆಯುತ್ತಾರೆ. ಬೇರೆಯವರಿಗೆ ‘ಏನ್ರೀ’ ಅಂದರೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. ನಾನು ಮರ್ಯಾದೆ ಕೊಡುವಾಗಲೆಲ್ಲ ಒರಟಿ ಅನ್ನಿಸಿಕೊಂಡೆ. ಭಾವಗೀತೆ ಕಾರ್ಯಕ್ರಮದಲ್ಲಿ ಬೇಂದ್ರೆಯವರ ಹಾಡು ಬಂದರೆ ಇದೇ ಜನ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಧಾರವಾಡದ ಆ ಮಾತಿನಲ್ಲಿ ಬರೆದ ಕವಿಗೆ 1973ರ ಜ್ಞಾನಪೀಠ ಬಂತು. ಅದೇ ಮಾತನ್ನು ಅಂಗಡಿಯಲ್ಲಿ ಆಡಿದರೆ ನಗುತ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಅವ್ವ ಈಗಿಲ್ಲ. ಫೋನ್ ಎತ್ತಿದ ಕೂಡಲೇ ‘ಊಟಾತೇನವಾ’ ಅನ್ನುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಮಾಡಿದರೂ ಅದೇ ಪ್ರಶ್ನೆ. ಈಗ ಹಾಗೆ ಕೇಳುವವರು ಒಬ್ಬರೂ ಇಲ್ಲ. ನಿನಗೆ ಇದ್ದಾರೆ. ಇವತ್ತೇ ಫೋನ್ ಮಾಡು. ‘ಅವ್ವಾ, ನಂದ ತಪ್ಪಾತು’ ಅನ್ನು. ಅದನ್ನು ಮಾತ್ರ ಬೆಂಗಳೂರು ಕನ್ನಡದಲ್ಲಿ ಹೇಳಬೇಡ.

– ನಿವೃತ್ತ ಶಿಕ್ಷಕಿ, ಮೈಸೂರು

*

ನಾನು ಕುಂದಾಪುರದವನು. ಮನೆಯಲ್ಲಿ ‘ಹೋಯ್ಕ್’, ‘ಬರ್ಕ್’. ಮಂಗಳೂರಿನ ಗೆಳೆಯರ ಜೊತೆ ತುಳು. ಆಫೀಸಿನಲ್ಲಿ ಬೆಂಗಳೂರು ಕನ್ನಡ. ಇದರಲ್ಲಿ ಯಾವುದು ಅಸಲಿ, ಯಾವುದು ನಕಲಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಎಲ್ಲವೂ ನನ್ನದೇ. ಇನ್ನೊಂದು ಬಗೆಯ ಕನ್ನಡ ಕಲಿತಿರಿ ಅಂದರೆ ಗಳಿಸಿದಿರಿ ಅಂತ ಲೆಕ್ಕ, ಅಲ್ವಾ? ಅದಕ್ಕೆ ಬೇಜಾರು ಬೇಡ. ಊರಿನವರು ‘ಬೆಂಗಳೂರಾಕಿ’ ಅಂದರೆ ಅನ್ನಲಿ. ಎರಡು ದಿನ ಅಲ್ಲಿದ್ದರೆ ನಿಮ್ಮ ನಾಲಿಗೆ ತಾನಾಗಿ ತಿರುಗುತ್ತದೆ. ಆದರೆ ಅಮ್ಮನಿಗೆ ಹಾಗೆ ಹೇಳಬಾರದಿತ್ತು.

ಇನ್ನೊಂದು ಮಾತು. ನಮ್ಮ ಕಡೆಯವರು ಆಸಾಡಿ ಅಮಾವಾಸ್ಯೆಯಂದು ಕುಂದಾಪ್ರ ಕನ್ನಡ ದಿನ ಮಾಡುತ್ತಾರೆ. ಬೆಂಗಳೂರಿನಲ್ಲೂ ಸೇರುತ್ತೇವೆ. ಅಲ್ಲಿ ನಮ್ಮ ಭಾಷೆಯನ್ನು ದೊಡ್ಡ ದನಿಯಲ್ಲಿ ಆಡುವಾಗ ಎಷ್ಟು ಖುಷಿಯಾಗುತ್ತದೆ ಗೊತ್ತಾ? ನಿಮ್ಮ ಕಡೆಯವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ತಿಂಗಳಿಗೊಮ್ಮೆ ರೊಟ್ಟಿ ಊಟಕ್ಕಾದರೂ ಸೇರಿ.

– ಓದುಗ, ಬೆಂಗಳೂರು

*

‘ಇನ್ನೊಂದ್ಸಲ ಹೇಳಿ’ ಅಂದವರಲ್ಲಿ ನಾನೂ ಒಬ್ಬ. ನಾನು ಹುಟ್ಟಿ ಬೆಳೆದಿದ್ದೆಲ್ಲ ಬೆಂಗಳೂರಿನಲ್ಲೇ. ನಮ್ಮ ಜೊತೆ ವಿಜಯಪುರದ ಒಬ್ಬರು ಕೆಲಸ ಮಾಡುತ್ತಿದ್ದರು. ಅವರು ಬಾಯಿ ಬಿಟ್ಟರೆ ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಹಾಗಾಗಿ ಅವರಿಗೂ ತಮಾಷೆಯೇ ಅಂತ ನಂಬಿದ್ದೆ.

ಒಂದು ದಿನ ಮೆಟ್ಟಿಲ ಹತ್ತಿರ ನಿಂತು ಅವರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಮಳೆ ಬಂತಾ, ತೊಗರಿ ಹೇಗಿದೆ, ಎಮ್ಮೆ ಈಯಿತಾ. ಹತ್ತು ನಿಮಿಷ ಒಂದೇ ಸಮನೆ ಮಾತು, ಮಧ್ಯೆ ಮಧ್ಯೆ ನಗು. ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ನಮ್ಮ ಹತ್ತಿರ ಎಣಿಸಿ ಎಣಿಸಿ ಆಡುತ್ತಿದ್ದರು ಅಂತ ಆಗ ಗೊತ್ತಾಯಿತು. ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ ಸರ’ ಅಂದರು. ಆ ‘ಇರ್ಲಿ ಬಿಡ್ರಿ’ ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ನಾವು ‘ಟೊಮ್ಯಾಟೊ ಕಟ್ ಮಾಡಿ ಮಿಕ್ಸ್ ಮಾಡಿ’ ಅನ್ನುತ್ತೇವೆ. ಅವರು ‘ಹೆಚ್ಚಿ ಕಲಸ್ರಿ’ ಅನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತಿಗೆ ನಗಬೇಕಿತ್ತು ಹೇಳಿ. ಮೇಡಂ, ನಿಮ್ಮ ಜೊತೆ ಕೆಲಸ ಮಾಡುವವರು ಈಗಲೂ ಯಾರನ್ನಾದರೂ ಹೀಗೆ ಆಡಿಕೊಳ್ಳುತ್ತಿದ್ದರೆ, ‘ನನಗಿದು ಹಿಡಿಸಲ್ಲ’ ಅಂತ ಒಂದು ಸಲ ನೇರವಾಗಿ ಹೇಳಿ. ತುಂಬಾ ಜನ ಬೇಕಂತ ಮಾಡುವುದಿಲ್ಲ. ಹೇಳುವವರಿಲ್ಲದೆ ಮಾಡುತ್ತಿರುತ್ತಾರೆ.

– ಓದುಗ, ಬಸವನಗುಡಿ

*

ನಮ್ಮ ಕಲಬುರಗಿ 1948ರವರೆಗೆ ನಿಜಾಮರ ಕೈಯಲ್ಲಿತ್ತು. ಅದಕ್ಕೇ ನಮ್ಮ ಮಾತಿನಲ್ಲಿ ಉರ್ದು ಜಾಸ್ತಿ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಮೊಮ್ಮಗನಿಗೆ ನನ್ನ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಈಗ ದಿನಾ ರಾತ್ರಿ ಫೋನಿನಲ್ಲಿ ಒಂದು ಕತೆ ಹೇಳುತ್ತೇನೆ. ಮೊನ್ನೆ ಅವನೇ ‘ಅಜ್ಜಿ, ಜಲ್ದಿ ಹೇಳು’ ಅಂದ. ನಿಮ್ಮ ಮಗಳಿಗೂ ಅಜ್ಜಿಯ ಕತೆ ಕೇಳಿಸಿ. ಮುಂದಿನ ಹುಟ್ಟುಹಬ್ಬಕ್ಕೆ ಅವ್ವನನ್ನು ಮತ್ತೆ ಕರೆಸಿ. ಬಂದವರಿಗೆಲ್ಲ ಬಾಗಿಲಲ್ಲಿ ನಿಂತು ‘ಬರ್ರಿ, ಕೂಡ್ರಿ’ ಅಂತ ಅವರೇ ಹೇಳಲಿ.

– ಓದುಗರು, ಕಲಬುರಗಿ